ಎಲಾಸ್ಟಿಕ್ ಇಲ್ಲದೆ ನಿಂತ ಹತ್ತಿ ಲೇಸಿನ ತಲೆಪಟ್ಟಿ

ಕಡ್ಡಿಯಲ್ಲಿ ಹೆಣೆದ ಹತ್ತಿಯ ಲೇಸ್ ಪಟ್ಟಿ ನಮ್ಮ ಕಾಸರಗೋಡಿನ ಬೇಸಗೆಯಲ್ಲಿ ತಲೆಯ ಮೇಲೆ ನಿಲ್ಲುವುದಿಲ್ಲ ಎಂದು ಹೇಳಿದವರು ಒಬ್ಬಿಬ್ಬರಲ್ಲ. ಮಂಗಳೂರಿನಲ್ಲಿ ಕ್ರೋಶಾ ಕಲಿಸುವ ಅಕ್ಕ ಒಬ್ಬರು, "ಒಳಗೆ ಎಲಾಸ್ಟಿಕ್ ಕೊಡಿ, ಇಲ್ಲವಾದರೆ ಕ್ರೋಶಾದಲ್ಲೇ ಹಾಕಿ. ಹತ್ತಿ ಒಮ್ಮೆ ಎಳೆದುಕೊಂಡರೆ ವಾಪಸು ಬರುವುದಿಲ್ಲ" ಎಂದರು. ನಾನು ನೂಲು ಕೊಳ್ಳುವ ಅಂಗಡಿಯವರಂತೂ ಪ್ರತಿ ಸಲವೂ ಬೇಬಿ ಉಲ್ಲನ್ ಉಂಡೆಯನ್ನೇ ಮುಂದೆ ಇಡುತ್ತಿದ್ದರು. ಈಗ ಬದಿಯಡ್ಕದಿಂದ ಕುಂಬಳೆಯವರೆಗೆ ನನ್ನ ಪಟ್ಟಿ ಹಾಕಿಕೊಂಡು ಸ್ಕೂಟರಿನಲ್ಲಿ ಓಡಾಡುವವರಿದ್ದಾರೆ. ಅದರಲ್ಲಿ ಎಲಾಸ್ಟಿಕ್ ಇಲ್ಲ, ಹಿಂದೆ ಕಟ್ಟುವ ದಾರವೂ ಇಲ್ಲ. ತೂಕ 12-13 ಗ್ರಾಂ. ಅದೇ ಕ್ರೋಶಾ ಅಕ್ಕ ಹೋದ ವಿಷುವಿನ ಮೊದಲು ತಮ್ಮ ಮಗಳಿಗೆಂದು ಎರಡು ಪಟ್ಟಿ ತರಿಸಿಕೊಂಡರು ಎಂಬುದನ್ನು ಹೇಳದೆ ಇರಲಾರೆ.

ಕಾಸರಗೋಡಿನ ಏಪ್ರಿಲ್-ಮೇ ತಿಂಗಳ ಬಿಸಿಲಿನ ಅಂಕಿ ದೊಡ್ಡದಲ್ಲ, 34-35 ಡಿಗ್ರಿ. ತೊಂದರೆ ಇರುವುದು ಸೆಕೆಯಲ್ಲಿ. ಬೆವರು ಆರುವುದೇ ಇಲ್ಲ. ಅದಕ್ಕಿಂತ ದೊಡ್ಡ ತೊಂದರೆ ತೆಂಗಿನೆಣ್ಣೆ. ನಮ್ಮಲ್ಲಿ ತಲೆಗೆ ಎಣ್ಣೆ ಹಾಕದೆ ಹೊರಗೆ ಹೊರಡುವ ಹೆಂಗಸರು ಕಡಿಮೆ. ಎಣ್ಣೆ ಹಚ್ಚಿದ ಕೂದಲಿನ ಮೇಲೆ ನುಣುಪು ನೂಲಿನ ಪಟ್ಟಿ ಹಾಕಿದರೆ ಅರ್ಧ ಗಂಟೆಯಲ್ಲಿ ಹಿಂದಕ್ಕೆ ಸರಿದು ಜಡೆಯ ಮೇಲೆ ಕೂರುತ್ತದೆ. ಊಟಿಯಲ್ಲೋ ಮಡಿಕೇರಿಯಲ್ಲೋ ಹೆಣೆಯುವವರ ಲೆಕ್ಕಾಚಾರ ಇಲ್ಲಿ ನಡೆಯದೇ ಇರುವುದಕ್ಕೆ ಇದೇ ಕಾರಣ. ಪುಸ್ತಕದ ಅಳತೆಯನ್ನು ಎಷ್ಟು ಸಲ ತಿದ್ದಿದರೂ ಪಟ್ಟಿ ಜಾರುತ್ತಿತ್ತು. ಕೊನೆಗೆ ಅಳತೆಯನ್ನು ಬಿಟ್ಟು ನೂಲನ್ನೇ ನೋಡಲು ತೊಡಗಿದೆ.

ಮೊದಲು ಹಣ ಹೋದದ್ದು ಬೇಬಿ ಉಲ್ಲನ್ನಿಗೆ. ಹೆಸರಿಗೆ ಉಲ್ಲನ್, ನಿಜದಲ್ಲಿ ಅಕ್ರಿಲಿಕ್. ಉಂಡೆಗೆ 40-50 ರೂಪಾಯಿ, ಬಣ್ಣಗಳು ಚೆನ್ನಾಗಿವೆ, ಹಿಗ್ಗಿ ಕುಗ್ಗುವ ಗುಣವೂ ಇದೆ. ಆದರೆ ಬೆವರು ಹೀರುವುದಿಲ್ಲ. ಹಣೆಯ ಅಂಚಿನಲ್ಲಿ ಬೆವರುಸಾಲೆ ಎದ್ದದ್ದನ್ನು ನನ್ನ ಅಣ್ಣನ ಮಗಳು ತೋರಿಸಿದ ಮೇಲೆ ಆ ದಾರಿ ಬಿಟ್ಟೆ. ಆಮೇಲೆ ಬಿದಿರಿನ ನೂಲು ತರಿಸಿದೆ, ಉಂಡೆಗೆ 300ರ ಮೇಲೆ. ಕೈಗೆ ತಂಪು, ನೋಡಲು ರೇಷ್ಮೆ. ಬೆವರು ಕುಡಿದ ಕೂಡಲೇ ಭಾರವಾಗಿ ಸಂಜೆಯೊಳಗೆ ಮೂರು ಬೆರಳಷ್ಟು ಉದ್ದವಾಯಿತು. ಮರ್ಸರೈಸ್ ಮಾಡಿದ, ಅಂದರೆ ಕಾಸ್ಟಿಕ್ ಸೋಡಾದಲ್ಲಿ ಅದ್ದಿ ಹೊಳಪು ತಂದ, ಹತ್ತಿ ಮಾತ್ರ ಲೇಸಿನ ತೂತುಗಳನ್ನು ಸ್ಪಷ್ಟವಾಗಿ ತೋರಿಸಿತು, ಬಣ್ಣವೂ ಬಿಡಲಿಲ್ಲ. 50 ಗ್ರಾಂ ಉಂಡೆಗೆ ನೂರರ ಆಸುಪಾಸು. ಆದರೆ ಎಣ್ಣೆಗೂದಲಿನ ಮೇಲೆ ಎಲ್ಲಕ್ಕಿಂತ ಬೇಗ ಜಾರಿದ್ದೂ ಅದೇ. ಒಟ್ಟು ಲೆಕ್ಕ ಹಾಕಿದರೆ ಸರಿಯಾದ ಪಟ್ಟಿ ಕೈಗೆ ಬರುವ ಮೊದಲು ಮೂರು ಸಾವಿರದ ಹತ್ತಿರ ನೂಲಿಗೇ ಹೋಗಿದೆ. ಮನೆಯಲ್ಲಿ ಕೇಳಿದವರಿಗೆ ಆಗ ಅರ್ಧದಷ್ಟೇ ಹೇಳಿದ್ದೆ.

ದಾರಿ ತೆರೆದದ್ದು ಕಣ್ಣೂರಿನಿಂದ ಬಂದ ಕೈಮಗ್ಗದ ಲಡಿ ನೂಲಿನಿಂದ. 2/20ರ, ಅಂದರೆ 20ನೇ ನಂಬರಿನ ಎರಡೆಳೆ ಹೊಸೆದ, ಬಣ್ಣ ಹಾಕದ ಕೋರಾ ನೂಲು, ಕಿಲೋಗೆ ಐನೂರರ ಒಳಗೆ. ಅದನ್ನು ತಂದದ್ದು ಬೇರೆ ಕೆಲಸಕ್ಕೆ, ಟೇಬಲ್ ಮೇಲೆ ಹಾಸುವ ಬಟ್ಟೆಗೆ. ಮೂರೆಳೆ ಜೋಡಿಸಿ, ಎಲ್ಲ ಸಾಲನ್ನೂ ಒಂದೇ ಬಗೆಯಲ್ಲಿ ಸಾದಾ ಹೆಣೆಯುವ ಗಾರ್ಟರ್‌ನಲ್ಲಿ ಒಂದು ಮಾದರಿ ತುಂಡು ಹಾಕಿ ಎಣ್ಣೆ ಹಚ್ಚಿದ ತಲೆಯ ಮೇಲಿಟ್ಟು ಎಳೆದೆ. ಕದಲಲಿಲ್ಲ. ಒರಟು ಮೇಲ್ಮೈ ಎಣ್ಣೆಯನ್ನು ಸ್ವಲ್ಪ ಕುಡಿದು ಕೂದಲನ್ನು ಹಿಡಿದುಕೊಂಡಿತು. ಆದರೆ ಅದೇ ನೂಲಿನಲ್ಲಿ ಲೇಸ್ ಹಾಕಿದರೆ ತೂತುಗಳು ಮಸುಕು, ಹಣೆಯ ಮೇಲೆ ಗೋಣಿಯ ತುಂಡು ಕಟ್ಟಿದ ಹಾಗೆ.

ಹಾಗಿದ್ದರೆ ಎರಡನ್ನೂ ಒಂದೇ ಪಟ್ಟಿಯಲ್ಲಿ ಹಾಕಿದರೆ ಹೇಗೆ? ಮುಂದೆ, ಕಿವಿಯಿಂದ ಕಿವಿಯವರೆಗೆ, ಮರ್ಸರೈಸ್ ನೂಲಿನ ಲೇಸ್. ಕಿವಿಯ ಹಿಂದಿನಿಂದ ಕುತ್ತಿಗೆಯವರೆಗೆ ಕೋರಾ ನೂಲಿನ ಗಾರ್ಟರ್. ಇದನ್ನು ಹೇಳಿದಾಗ ಎಲ್ಲರದೂ ಒಂದೇ ಮಾತು: ಒಗೆದ ಕೂಡಲೇ ಒಂದು ಕುಗ್ಗುತ್ತದೆ, ಇನ್ನೊಂದು ಕುಗ್ಗುವುದಿಲ್ಲ, ಪಟ್ಟಿ ಸೊಟ್ಟಗಾಗುತ್ತದೆ. ಕೋರಾ ನೂಲನ್ನು ಹಾಗೆಯೇ ಬಳಸಿದರೆ ಆಗುವುದೂ ಅದೇ. ನಾನು ಲಡಿಯನ್ನು ಹೆಣೆಯುವ ಮೊದಲೇ ವಾಷಿಂಗ್ ಸೋಡಾ ಹಾಕಿದ ನೀರಿನಲ್ಲಿ ಒಂದು ಗಂಟೆ ಕುದಿಸುತ್ತೇನೆ. ಹಳದಿ ನೀರು ಬಿಡುತ್ತದೆ. ಹತ್ತಿಯಲ್ಲಿರುವ ಮೇಣ ಹೋಗುತ್ತದೆ, ಕುಗ್ಗುವುದಿದ್ದರೆ ಅಲ್ಲೇ ಕುಗ್ಗುತ್ತದೆ. ಮೇಣ ಹೋಗದ ಕೋರಾ ನೂಲು ನೀರನ್ನೇ ಹೀರುವುದಿಲ್ಲ, ಬೆವರನ್ನು ಎಲ್ಲಿ ಹೀರೀತು? ಲಡಿಯನ್ನು ನಾಲ್ಕು ಕಡೆ ಸಡಿಲವಾಗಿ ಕಟ್ಟಿ ಕುದಿಸಬೇಕು, ಇಲ್ಲವಾದರೆ ಸಿಕ್ಕು ಬಿಡಿಸುವುದರಲ್ಲೇ ದಿನ ಮುಗಿಯುತ್ತದೆ. ಜಾಲಾಡಿಸುವ ಕೊನೆಯ ನೀರಿಗೆ ನಾನು ಸೇರಿಸುವ ಒಂದು ವಸ್ತು ಇದೆ, ಅಡುಗೆಮನೆಯದೇ. ಅದನ್ನು ಇಲ್ಲಿ ಬರೆಯುವುದಿಲ್ಲ.

ಹೆಣೆಯುವುದು ಉದ್ದಕ್ಕೆ. ಅಡ್ಡಕ್ಕೆ ನೂರಾರು ಕುಣಿಕೆ ಏರಿಸಿ ಸುತ್ತ ಹೆಣೆದ ಪಟ್ಟಿಗಳನ್ನೂ ಮಾಡಿ ನೋಡಿದ್ದೇನೆ. ಏರಿಸಿದ ಅಂಚು ಬಿಗಿ, ಮುಗಿಸಿದ ಅಂಚು ಸಡಿಲ, ಎರಡನ್ನೂ ಸಮ ಮಾಡುವುದೇ ಒಂದು ಪಾಡು. ಉದ್ದಕ್ಕೆ ಹೆಣೆದರೆ ಗಾರ್ಟರ್‌ನ ಸಾಲುಗಳು ಒಂದರ ಮೇಲೊಂದು ಒತ್ತಿಕೊಂಡು ಕೂರುವುದು ನಮಗೆ ಬೇಕಾದ ದಿಕ್ಕಿನಲ್ಲೇ. ಎಳೆದರೆ ಬಿಚ್ಚಿಕೊಳ್ಳುತ್ತವೆ, ಬಿಟ್ಟರೆ ಮುದುಡುತ್ತವೆ. ನನ್ನ ಎಲಾಸ್ಟಿಕ್ ಇರುವುದು ಅಲ್ಲಿ. ಹತ್ತಿಗೆ ಇಲ್ಲದ ಗುಣವನ್ನು ಹೆಣಿಗೆ ಕೊಡುತ್ತದೆ.

ಹಿಂದಿನ ತುದಿಯಿಂದ 12ನೇ ನಂಬರ್ ಕಡ್ಡಿಯಲ್ಲಿ 11 ಕುಣಿಕೆ. ಬೇರೆ ಬಣ್ಣದ ದಾರದ ಮೇಲೆ ಏರಿಸಿಕೊಂಡರೆ ಕೊನೆಗೆ ಬಿಚ್ಚಿ ಸೇರಿಸಲು ಸುಲಭ. ಗಾರ್ಟರ್ ಹೆಣೆಯುತ್ತ 9 ಸೆಂಟಿಮೀಟರಿನೊಳಗೆ 23 ಕುಣಿಕೆಗೆ ತಂದು, ಅಲ್ಲಿ ನೂಲನ್ನೂ ಕಡ್ಡಿಯನ್ನೂ ಬದಲಿಸುತ್ತೇನೆ. ಲೇಸಿಗೆ 10ನೇ ನಂಬರ್, ಅದು 12ಕ್ಕಿಂತ ದಪ್ಪ. ವಿನ್ಯಾಸ ಲಾಳದ ಆಕಾರ ಸಾಲಾಗಿ ಮೂಡುವ ಕುದುರೆಲಾಳ, ಎರಡು ಲಾಳಕ್ಕೆ 21 ಕುಣಿಕೆ, ಅಂಚಿಗೆ ಒಂದೊಂದು. ಮೊದಲು ಬರೀ ಜಾಲರಿ ಹೆಣೆಯುತ್ತಿದ್ದೆ, ನೂಲು ಸುತ್ತುವುದು, ಎರಡನ್ನು ಒಟ್ಟಿಗೆ ಹೆಣೆಯುವುದು. ಅದು ಒಂದೇ ಕಡೆ ವಾಲುತ್ತ ಹೋಗಿ ಹಾವಿನಂತೆ ಸುತ್ತಿಕೊಂಡಿತು. ಲಾಳದಲ್ಲಿ ಕುಣಿಕೆ ಕಡಿಮೆಯಾಗುವುದು ನಡುವೆ, ಹೆಚ್ಚುವುದು ಎರಡೂ ಬದಿಯಲ್ಲಿ, ಆದ್ದರಿಂದ ಪಟ್ಟಿ ನೇರ ಬರುತ್ತದೆ. ನಡುವಿನ ಇಳಿಕೆಯನ್ನು ಎರಡು ಕುಣಿಕೆ ಒಟ್ಟಿಗೆ ಜಾರಿಸಿ ಮಾಡಿದರೆ ಅಂದವಾದ ಏಣು ಎದ್ದು ಕಾಣುತ್ತದೆ, ಫೋಟೊಗೆ ಚೆಂದ. ಆದರೆ ಹೆಲ್ಮೆಟ್ ಹಾಕಿದರೆ ಆ ಏಣು ಹಣೆಯಲ್ಲಿ ಅಚ್ಚೊತ್ತುತ್ತದೆ. ಒಂದನ್ನು ಜಾರಿಸಿ, ಎರಡನ್ನು ಒಟ್ಟಿಗೆ ಹೆಣೆದು, ಜಾರಿಸಿದ್ದನ್ನು ಮೇಲಿಂದ ದಾಟಿಸುವ ಹಳೆಯ ಕ್ರಮವೇ ಚಪ್ಪಟೆಯಾಗಿ ಕೂರುತ್ತದೆ.

ಎಂಟೆಂಟು ಸಾಲಿನ ಹತ್ತು ಲಾಳ ಆದಾಗ ಲೇಸಿನ ಭಾಗ 31 ಸೆಂಟಿಮೀಟರ್ ಹತ್ತಿರ ಬರುತ್ತದೆ. ಮತ್ತೆ ಕೋರಾ ನೂಲು, 23ರಿಂದ 11ಕ್ಕೆ ಇಳಿಕೆ, ತುದಿಗಳನ್ನು ಸೂಜಿಯಲ್ಲಿ ಗ್ರಾಫ್ಟ್ ಮಾಡಿ, ಅಂದರೆ ಕುಣಿಕೆಗೆ ಕುಣಿಕೆ ಕೂಡಿಸಿ, ಸೇರಿಸುವುದು. ಹೊಲಿಗೆಯ ದಪ್ಪ ಅಂಚು ಬಂದರೆ ಹೆಲ್ಮೆಟ್ಟಿನವರು ಮರುದಿನವೇ ಪಟ್ಟಿಯನ್ನು ತೆಗೆದಿಡುತ್ತಾರೆ. ಎರಡು ನೂಲು ಕೂಡುವ ಜಾಗದಲ್ಲಿ ಗಂಟೂ ಕಾಣದಂತೆ, ತೂತೂ ಬೀಳದಂತೆ ನಾನು ಮಾಡುವ ಒಂದು ಕ್ರಮ ಇದೆ. ಅದನ್ನು ಕಂಡುಕೊಳ್ಳಲು ಒಂದಿಡೀ ಮಳೆಗಾಲ ಹಿಡಿಯಿತು, ಹಾಗಾಗಿ ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಒಟ್ಟು ಉದ್ದ 48-49 ಸೆಂಟಿಮೀಟರ್, ಸುತ್ತಳತೆ 55 ಸೆಂಟಿಮೀಟರ್ ಇರುವ ತಲೆಗೆ. ಇಷ್ಟು ಗಿಡ್ಡ ಮಾಡಿದರೆ ತಲೆನೋವು ಬರುತ್ತದೆ ಎಂದು ಹೆದರಬೇಡಿ. ಲೇಸ್ ತಾನೇ ಬಿಟ್ಟುಕೊಡುತ್ತದೆ, ಮಧ್ಯಾಹ್ನದ ಹೊತ್ತಿಗೆ ಬೆವರಿಗೆ ಇನ್ನೂ ಎರಡು ಸೆಂಟಿಮೀಟರ್ ಹಿಗ್ಗುತ್ತದೆ. ತಲೆಯ ಅಳತೆಗೆ ಸರಿಯಾಗಿ ಹೆಣೆದ ಪಟ್ಟಿಗಳೆಲ್ಲ ಮಧ್ಯಾಹ್ನವೇ ಬಿದ್ದವು. ಮಕ್ಕಳಿಗೆ ಎಂಟು ಲಾಳ ಸಾಕು.

ಹೆಣೆದ ಪಟ್ಟಿಯನ್ನು ಒದ್ದೆ ಮಾಡಿ, ಆಕಾರ ಕೂರಲೆಂದು ಪಿನ್ ಚುಚ್ಚಿ ಒಣಗಿಸುವಾಗ ಸ್ಟೀಲ್ ಪಿನ್ನೇ ಬೇಕು. ಸಾಧಾರಣ ಗುಂಡುಸೂಜಿಯ ತುಕ್ಕು ನಮ್ಮ ಹವೆಯಲ್ಲಿ ಒಂದೇ ರಾತ್ರಿಗೆ ಬಿಳಿ ನೂಲಿಗೆ ಹತ್ತುತ್ತದೆ, ಮತ್ತೆ ಹೋಗುವುದಿಲ್ಲ. ಲೇಸನ್ನು ಅಗಲಕ್ಕೆ ಮಾತ್ರ ಬಿಡಿಸಿ ಚುಚ್ಚುತ್ತೇನೆ, ಗಾರ್ಟರ್ ಭಾಗವನ್ನು ಮುಟ್ಟುವುದೇ ಇಲ್ಲ. ಅದನ್ನು ಎಳೆದು ಒಣಗಿಸಿದರೆ ಅದರ ಹಿಡಿತ ಹೋಗುತ್ತದೆ.

ಈ ನಡುವೆ ಮಾಡಿದ ಬೇರೆ ಪ್ರಯೋಗಗಳನ್ನೂ ಹೇಳಬೇಕು. ಲೇಸ್ ಗರಿಯಾಗಿ ನಿಲ್ಲಲಿ ಎಂದು ಕುಚ್ಚಲಕ್ಕಿ ಗಂಜಿಯ ತಿಳಿಯಲ್ಲಿ ಅದ್ದಿ ನೋಡಿದೆ. ಒಣಗಿದಾಗ ಅಂಗಡಿಯ ಮಾಲಿಗಿಂತ ಚೆಂದ, ಬೆವರು ತಾಗಿದ ಮೇಲೆ ಅಂಟು. ಮಳೆಗಾಲಕ್ಕೆ ಪೆಟ್ಟಿಗೆಯಲ್ಲಿಟ್ಟಿದ್ದಕ್ಕೆ ಕಪ್ಪು ಬೂಷ್ಟು ಹಿಡಿಯಿತು. ಅಡಿಕೆ ಚೊಗರಿನ, ಅಂದರೆ ಅಡಿಕೆ ಬೇಯಿಸಿ ಉಳಿದ ರಸದ, ಬಣ್ಣದ್ದು ಬೇರೆ ಕಥೆ. ನಮ್ಮದು ಬಿಸಿಲಿನಲ್ಲಿ ಒಣಗಿಸುವ ಚಾಲಿ ಅಡಿಕೆಯ ಸೀಮೆ, ಅಡಿಕೆ ಬೇಯಿಸುವವರಿಲ್ಲ, ಚೊಗರು ಸಿಗುವುದಿಲ್ಲ. ಶಿರಸಿ ಕಡೆಯ ನೆಂಟರಿಂದ ಒಂದು ಬಾಟಲಿ ತರಿಸಿ, ಪಟಿಕದ ನೀರಿನಲ್ಲಿ ನೆನೆಸಿದ ಕೋರಾ ಲಡಿಯನ್ನು ಅದರಲ್ಲಿ ಬೇಯಿಸಿದೆ. ಕೆಂಪು ಬೆರೆತ ಕಂದು ಬಂತು. ಹಳೆಯ ಮೊಳೆ ಹಾಕಿಟ್ಟ ನೀರಿಗೆ ಅದ್ದಿದ ಇನ್ನೊಂದು ಲಡಿ ಬೂದಿಗಪ್ಪಾಯಿತು. ಹಿಂದಿನ ಭಾಗಕ್ಕೆ ಈ ಕಪ್ಪು ನೂಲು ಹಾಕಿದರೆ ಕೂದಲಿನಲ್ಲಿ ಸೇರಿಹೋಗುತ್ತದೆ, ಎಣ್ಣೆಯ ಕಲೆಯೂ ತೋರುವುದಿಲ್ಲ. ಮೊದಲ ಕೆಲವು ಒಗೆತದಲ್ಲಿ ಬಣ್ಣ ಬಿಡುತ್ತದೆ, ಅಲ್ಲಿಯವರೆಗೆ ಯಾರಿಗೂ ಮಾರುವುದಿಲ್ಲ. ಕಾಸರಗೋಡು ಸೀರೆಗೆ ಬಳಸುವಂಥ ಸಣ್ಣ ನೂಲಿನ ಎಳೆಗಳನ್ನು ಒಟ್ಟು ಸೇರಿಸಿಯೂ ಒಂದು ಲೇಸ್ ಹೆಣೆದೆ. ನನ್ನ ಕೈಯಿಂದ ಬಂದ ಅತ್ಯಂತ ಚೆಲುವಾದ ತುಂಡು ಅದೇ, ಆದರೆ ಪ್ರತಿ ಕುಣಿಕೆಯಲ್ಲೂ ಎಳೆ ಬಿಟ್ಟುಹೋಗುತ್ತದೆ, ಕಣ್ಣಿಗೆ ಶಿಕ್ಷೆ. ಮಾರಾಟಕ್ಕೆ ಆಗುವ ಕೆಲಸವಲ್ಲ.

ಇನ್ನು ಲೆಕ್ಕ. ಹಿಂದಿನ ಭಾಗ ಕೋರಾ ನೂಲಾದ್ದರಿಂದ ಒಂದು ಮರ್ಸರೈಸ್ ಉಂಡೆಯಲ್ಲಿ ಐದು ಪಟ್ಟಿಯ ಲೇಸ್ ಆಗುತ್ತದೆ. ಕೋರಾ ನೂಲಿಗೆ ಪಟ್ಟಿಯೊಂದಕ್ಕೆ ಎರಡು ಮೂರು ರೂಪಾಯಿ. ಸೋಡಾ, ಗ್ಯಾಸ್, ಪೊಟ್ಟಣ ಎಲ್ಲ ಸೇರಿ ಒಂದಕ್ಕೆ 35ರ ಒಳಗೆ. ಹೊತ್ತು ಹಿಡಿಯುವುದು ನಾಲ್ಕೈದು ಗಂಟೆ. ಬೆಳಗ್ಗೆ ಐದೂವರೆಯಿಂದ ಏಳರವರೆಗೆ ಹೆಣೆಯುತ್ತೇನೆ. ಆಮೇಲೆ ಕೈ ಬೆವತು ಅಲ್ಯೂಮಿನಿಯಂ ಕಡ್ಡಿಗೆ ನೂಲು ಅಂಟುತ್ತದೆ, ಬಿಗಿ ಬದಲಾಗುತ್ತದೆ. ಮೊದಲು 120ಕ್ಕೆ ಕೊಟ್ಟೆ, ಈಗ 220. ಕಡಿಮೆಗೆ ಕೇಳುವವರಿಗೆ ನಾಲ್ಕು ಗಂಟೆಯ ಕೂಲಿ ಎಷ್ಟೆಂದು ಕೇಳುತ್ತೇನೆ. ಮಂಗಳೂರಿನ ಒಂದು ಅಂಗಡಿಗೆ ಮಾರಿದ ಮೇಲೆ ಹಣ ಎಂಬ ಮಾತಿನ ಮೇಲೆ ಹತ್ತಿಪ್ಪತ್ತು ಪಟ್ಟಿ ಕೊಟ್ಟಿದ್ದೆ. ಅರ್ಧದ ಹಣ ಇನ್ನೂ ಬಂದಿಲ್ಲ. ಅಂದಿನಿಂದ ಕೈಯಿಂದ ಕೈಗೆ ಮಾತ್ರ. ಮಾರ್ಚ್ ಕೊನೆಗೆ ಶಾಲೆ ಮುಗಿದಾಗಿನಿಂದ ವಿಷುವಿನವರೆಗೆ ಬೇಡಿಕೆ ಹೆಚ್ಚು. ಜೂನ್ ಮಳೆ ಹಿಡಿದರೆ ಒಂದೂ ಹೋಗುವುದಿಲ್ಲ, ಆಗ ಲಡಿ ಕುದಿಸಿಡುವ ಕೆಲಸವೂ ಬೇಡ, ಒಣಗುವುದಿಲ್ಲ. ಫೆಬ್ರವರಿಯಲ್ಲೇ ವರ್ಷದ ನೂಲನ್ನು ಕುದಿಸಿ ಮುಗಿಸುತ್ತೇನೆ.

ಒಗೆಯಲು ಅಂಟುವಾಳದ ನೊರೆ ಸಾಕು, ಉಗುರುಬೆಚ್ಚಗಿನ ನೀರಿನಲ್ಲಿ. ಎಣ್ಣೆ ಬಿಡುತ್ತದೆ, ನೂಲು ಒರಟಾಗುವುದಿಲ್ಲ. ಹಿಂಡದೆ ಬೈರಾಸಿನಲ್ಲಿ ಸುತ್ತಿ ಒತ್ತಿ, ಚಪ್ಪಟೆ ಹಾಸಿ ಒಣಗಿಸಬೇಕು. ಹಗ್ಗದ ಮೇಲೆ ನೇತುಹಾಕಿದ ಪಟ್ಟಿ ಉದ್ದವಾಯಿತೆಂದು ವಾಪಸು ತಂದವರಿಗೆ ನಾನು ಮಾಡಿಕೊಡುವುದು ಇಷ್ಟೇ: ಬಿಸಿನೀರಿನಲ್ಲಿ ಅದ್ದಿ, ಗಾರ್ಟರ್ ಭಾಗವನ್ನು ಬೆರಳಿನಿಂದ ಒತ್ತಿ ಕೂಡಿಸಿ, ನೆರಳಿನಲ್ಲಿ ಒಂದು ದಿನ ಬಿಡುವುದು. ಮತ್ತೆ 49ಕ್ಕೆ ಬರುತ್ತದೆ.