ಲ್ಯಾಪ್‌ಟಾಪ್ ಚಾರ್ಜ್ ಆಗ್ತಿಲ್ವಾ? ಬ್ಯಾಟರಿ ತರುವ ಮೊದಲು ಪಿನ್ ನೋಡಿ

ಕಳೆದ ಜುಲೈಯಲ್ಲಿ ಮುಲುಂಡಿನ ಒಂದು ಹೋಟೆಲಿನಿಂದ ಫೋನ್ ಬಂತು. ಮಾಲೀಕರು ನಮ್ಮ ಕಡೆಯವರೇ, ಉಡುಪಿಯವರು. ಗಲ್ಲಾದ ಮೇಲಿಟ್ಟು ಬಿಲ್ ಹೊಡೆಯುವ ಲ್ಯಾಪ್‌ಟಾಪ್ ಚಾರ್ಜರ್ ಮೇಲೆ ಓಡುತ್ತಿತ್ತು, ಪಿನ್ ಎಳೆದ ಕೂಡಲೇ ಆರಿ ಹೋಗುತ್ತಿತ್ತು. "ಹೊಸ ಬ್ಯಾಟರಿ ಹಾಕಿಸಿ ಆಯ್ತು, ಹೊಸ ಚಾರ್ಜರೂ ತಂದಾಯ್ತು, ಇನ್ನು ಎಂತ ಮಾಡುವುದು ಮಾರಾಯ?" ಎಂದರು. ಹೋಗಿ ಮೊಬೈಲ್ ಟಾರ್ಚ್ ಹಾಕಿ ಪೋರ್ಟಿನೊಳಗೆ ಇಣುಕಿದೆ. ನಡುವಿನ ತೂತಿನ ಬುಡದಲ್ಲಿ ಹಸಿರು ಹಿಟ್ಟಿನಂಥದ್ದು ಕೂತಿತ್ತು. ಗಲ್ಲಾದ ಒಂದು ಮೊಳ ಆಚೆ ಚಹಾದ ಒಲೆ. ಆವಿ, ಎಣ್ಣೆ ಜಿಡ್ಡು, ಮೇಲಿಂದ ಮುಂಬಯಿ ಮಳೆಗಾಲದ ತೇವ. ಅದನ್ನು ತೆಗೆಯಲು ಕಾಲು ಗಂಟೆ ಸಾಕಾಯಿತು. ಅಷ್ಟರಲ್ಲಿ ಅವರು ಐದು ಸಾವಿರ ರೂಪಾಯಿ ಖರ್ಚು ಮಾಡಿದ್ದರು.

ಡೊಂಬಿವಲಿಯ ನಮ್ಮ ಬಿಲ್ಡಿಂಗಿನಲ್ಲೂ ಇದೇ ಕಥೆ. ಚಾರ್ಜ್ ಆಗ್ತಿಲ್ಲ ಅಂದ ಕೂಡಲೇ ಬ್ಯಾಟರಿ ಹೋಯ್ತು ಅಂತ ತೀರ್ಮಾನ. ಆದರೆ ಕರೆಂಟು ಗೋಡೆಯಿಂದ ಹೊರಟು ಸಾಕೆಟ್, ವೈರು, ಚಾರ್ಜರಿನ ಕಪ್ಪು ಡಬ್ಬಿ, ಪಿನ್, ಪೋರ್ಟ್, ಮದರ್‌ಬೋರ್ಡ್ ಎಲ್ಲ ದಾಟಿ ಬ್ಯಾಟರಿಗೆ ಬರುತ್ತದೆ. ಬ್ಯಾಟರಿ ಕೊನೆಯ ಸ್ಟೇಷನ್. ಹುಡುಕುವುದನ್ನು ಮೊದಲ ಸ್ಟೇಷನ್ನಿನಿಂದ ಶುರು ಮಾಡಬೇಕು.

ಅದಕ್ಕೂ ಮೊದಲು ಒಂದು ಕೆಲಸ. ಬ್ಯಾಟರಿಯಲ್ಲಿ ಇನ್ನೂ ಸ್ವಲ್ಪ ಚಾರ್ಜ್ ಉಳಿದಿದ್ದರೆ ಸ್ಕ್ರೀನ್ ಬೆಳಕು ತಗ್ಗಿಸಿ, ಬೇಕಾದ ಫೈಲುಗಳನ್ನು ಪೆನ್‌ಡ್ರೈವಿಗೆ ಹಾಕಿಕೊಳ್ಳಿ. ಶೇಕಡಾ 20 ಇದ್ದಾಗ ಐದು ನಿಮಿಷದಲ್ಲಿ ಮುಗಿಯುವ ಕೆಲಸಕ್ಕೆ ಪೂರ್ತಿ ಆರಿದ ಮೇಲೆ ರಿಪೇರಿಯವನ ಹತ್ತಿರ ಕೂರಬೇಕಾಗುತ್ತದೆ.

ಹೆಜ್ಜೆ 1: ಗೋಡೆ

ಎಕ್ಸ್‌ಟೆನ್ಷನ್ ಬೋರ್ಡ್ ಬಿಟ್ಟು ನೇರ ಗೋಡೆಯ ಸಾಕೆಟ್ಟಿಗೆ ಹಾಕಿ. ಅದೇ ಸಾಕೆಟ್ಟಿಗೆ ಮೊಬೈಲ್ ಚಾರ್ಜರ್ ಹಾಕಿ ನೋಡಿ. ಅಷ್ಟೇ. ಫ್ರಿಜ್ಜಿನ ದೊಡ್ಡ 16 ಆಂಪಿಯರ್ ಸಾಕೆಟ್ಟಿನಲ್ಲಿ ಲ್ಯಾಪ್‌ಟಾಪಿನ ಸಣ್ಣ ಪ್ಲಗ್ ಸಡಿಲವಾಗಿ ಜೋತು ಬೀಳುತ್ತದೆ. ಅದನ್ನು ನಂಬಬೇಡಿ.

ಹೆಜ್ಜೆ 2: ಪರದೆ ಏನು ಹೇಳುತ್ತಿದೆ

ಚಾರ್ಜ್ ಪ್ರತಿ ಸಲ ಸರಿಯಾಗಿ ಶೇಕಡಾ 60ಕ್ಕೋ 80ಕ್ಕೋ ನಿಲ್ಲುತ್ತಿದ್ದರೆ ಅದು ಬಹುಪಾಲು ರೋಗವೇ ಅಲ್ಲ. ಬ್ಯಾಟರಿ ಹೆಚ್ಚು ವರ್ಷ ಬಾಳಲಿ ಅಂತ ಕಂಪನಿಗಳು ಕೊಟ್ಟ ಮಿತಿ. ಲೆನೊವೊದಲ್ಲಿ ವ್ಯಾಂಟೇಜ್ ಎನ್ನುವ ಆ್ಯಪಿನೊಳಗೆ ಕನ್ಸರ್ವೇಷನ್ ಮೋಡ್ ಅಂತ ಇರುತ್ತದೆ, ಏಸುಸ್‌ನಲ್ಲಿ ಮೈ ಏಸುಸ್ ಒಳಗೆ ಸಿಗುತ್ತದೆ. ಮ್ಯಾಕ್‌ಬುಕ್ ಕೂಡ 80ರಲ್ಲಿ ನಿಂತು ಕಾಯುವುದುಂಟು. ನಮ್ಮ ಮೂರನೇ ಮಹಡಿಯ ಹುಡುಗಿ, ಮನೆಯಿಂದಲೇ ಆಫೀಸ್ ಕೆಲಸ ಮಾಡುವವಳು, ಇದೇ 60ರ ಮಿತಿಗೆ ಹೆದರಿ ಬ್ಯಾಟರಿ ತರಲು ಹೊರಟಿದ್ದಳು. ದಾದರಿನಲ್ಲಿ ಗಾಡಿ ಬದಲಿಸಿ ಗ್ರಾಂಟ್ ರೋಡಿನ ಎಲೆಕ್ಟ್ರಾನಿಕ್ ಪೇಟೆ ತನಕ ಹೋಗುವ ಮೊದಲು ಮೆಟ್ಟಿಲಲ್ಲಿ ಸಿಕ್ಕಿ ಕೇಳಿದ್ದು ಒಳ್ಳೆಯದಾಯಿತು. ದಿನವಿಡೀ ಚಾರ್ಜರ್ ಹಾಕಿಯೇ ಕೆಲಸ ಮಾಡುವವರು ಈ ಮಿತಿಯನ್ನು ತೆಗೆಯಲೇಬೇಡಿ, ಅದು ಇರಲಿ.

ಲ್ಯಾಪ್‌ಟಾಪ್ ತುಂಬ ಬಿಸಿಯಾಗಿದ್ದರೂ ಚಾರ್ಜ್ ತಾನಾಗಿ ನಿಲ್ಲುತ್ತದೆ. ಹಾಸಿಗೆ ಮೇಲಿಂದ ಎತ್ತಿ ಮೇಜಿನ ಮೇಲೆ, ಫ್ಯಾನಿನ ಕೆಳಗೆ ಅರ್ಧ ಗಂಟೆ ಇಟ್ಟು ಮತ್ತೆ ನೋಡಿ.

ಹೆಜ್ಜೆ 3: ಚಾರ್ಜರಿನ ಡಬ್ಬಿ

ಡಬ್ಬಿಗೆ ಹೋಗುವ ಮೂರು ಕಣ್ಣಿನ ದಪ್ಪ ವೈರನ್ನು ಬಿಚ್ಚಿ ಗಟ್ಟಿಯಾಗಿ ಒತ್ತಿ ಮತ್ತೆ ಹಾಕಿ. ಇದೊಂದು ಸಡಿಲವಾಗಿರುವುದು ತುಂಬ ಸಾಮಾನ್ಯ, ಯಾರೂ ನೋಡುವುದೇ ಇಲ್ಲ. ನಿಮ್ಮ ಡಬ್ಬಿಯ ಮೇಲೆ ಅಥವಾ ಪಿನ್ನಿನ ತುದಿಯಲ್ಲಿ ದೀಪ ಇದ್ದರೆ ಒಂದು ಒಳ್ಳೆಯ ಪರೀಕ್ಷೆ ಮಾಡಬಹುದು. ಲ್ಯಾಪ್‌ಟಾಪಿಗೆ ಹಾಕದೆ ಬರೀ ಗೋಡೆಗೆ ಹಾಕಿ. ದೀಪ ಹತ್ತಲಿಲ್ಲ ಅಂದರೆ ಚಾರ್ಜರೋ ಅದರ ವೈರೋ ಹೋಗಿದೆ. ಹತ್ತಿತು, ಆದರೆ ಪಿನ್ನನ್ನು ಲ್ಯಾಪ್‌ಟಾಪಿಗೆ ಹಾಕಿದ ಕ್ಷಣವೇ ಆರಿತು ಅಂದರೆ ಲ್ಯಾಪ್‌ಟಾಪಿನೊಳಗೆ, ಪೋರ್ಟಿನಲ್ಲೋ ಬೋರ್ಡಿನಲ್ಲೋ, ಶಾರ್ಟ್ ಇರಬಹುದು. ಚಾರ್ಜರ್ ತನ್ನನ್ನು ಉಳಿಸಿಕೊಳ್ಳಲು ಬಂದ್ ಆಗಿದೆ. ಹಾಗಾದಾಗ ಮತ್ತೆ ಮತ್ತೆ ಹಾಕಿ ನೋಡಬೇಡಿ. ನೇರ ರಿಪೇರಿಗೆ ಕೊಡಿ.

ಈಗ ಡಬ್ಬಿಯ ಕೆಳಗಿನ ಸಣ್ಣ ಅಕ್ಷರ ಓದಿ. ಔಟ್‌ಪುಟ್ ಅಂತ ಇರುವ ಸಾಲು ಮುಖ್ಯ. 19.5 ವೋಲ್ಟ್, 3.34 ಆಂಪಿಯರ್ ಅಂತ ಇದ್ದರೆ ಎರಡನ್ನೂ ಗುಣಿಸಿ, 65 ವಾಟ್ ಆಯಿತು. ಬೇರೆಯವರ ಚಾರ್ಜರ್ ಹಾಕಿ ನೋಡುವುದಾದರೆ ವೋಲ್ಟ್ ನಿಮ್ಮದರಷ್ಟೇ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಜಾಸ್ತಿ ಇರಬೇಕು. ಕಡಿಮೆ ವಾಟಿನದು ಹಾಕಿದರೆ ಲ್ಯಾಪ್‌ಟಾಪ್ ಓಡಬಹುದು, ಬ್ಯಾಟರಿ ತುಂಬದೆ ಇರಬಹುದು. ಪಿನ್ ಹೊಂದಿತು ಅಂದ ಮಾತ್ರಕ್ಕೆ ಚಾರ್ಜರ್ ಹೊಂದಿತು ಅಂತ ಅಲ್ಲ.

ಸಿ-ಟೈಪ್ ಚಾರ್ಜರಿನವರಿಗೆ ಇನ್ನೊಂದು ಮಾತು. ಸಾಮಾನ್ಯ ಸಿ-ಟೈಪ್ ಕೇಬಲ್ 3 ಆಂಪಿಯರ್ ತನಕ ಮಾತ್ರ ಒಯ್ಯುತ್ತದೆ, ಅಂದರೆ ಹೆಚ್ಚೆಂದರೆ 60 ವಾಟ್. 100 ವಾಟ್ ಬೇಕಾದರೆ ಒಳಗೆ ಚಿಪ್ ಇರುವ 5 ಆಂಪಿಯರ್ ಕೇಬಲ್ಲೇ ಬೇಕು. ಮೊಬೈಲಿನ ಜೊತೆ ಬಂದ ಕೇಬಲ್ ಹಾಕಿ "ನಿಧಾನ ಆಗ್ತಿದೆ" ಅನ್ನುವವರು ಮೊದಲು ಕೇಬಲ್ ಬದಲಿಸಿ. ಎಲ್ಲ ಸಿ-ಟೈಪ್ ಪೋರ್ಟೂ ಚಾರ್ಜ್ ಮಾಡುವುದಿಲ್ಲ, ಕೆಲವು ಬರೀ ಡೇಟಾಕ್ಕೆ ಇರುತ್ತವೆ. ಪಕ್ಕದ ಇನ್ನೊಂದು ಪೋರ್ಟಿಗೂ ಹಾಕಿ ನೋಡಿ.

ಹೆಜ್ಜೆ 4: ಪಿನ್ ಮತ್ತು ಪೋರ್ಟ್

ಇಲ್ಲಿ ನಿಧಾನ ಮಾಡಿ. ಜನ ಕೆಡಿಸುವುದೇ ಇಲ್ಲಿ.

ಮೊದಲು ದೋಷ ವೈರಿನದೋ ಪೋರ್ಟಿನದೋ ತಿಳಿಯಬೇಕು. ಎಲ್ಲರೂ ಪಿನ್ ಹಿಡಿದು ಎಡಕ್ಕೆ ಬಲಕ್ಕೆ ಜೋರಾಗಿ ಅಲ್ಲಾಡಿಸುತ್ತಾರೆ, ಎಲ್ಲೋ ಒಂದು ಕಡೆ ದೀಪ ಹತ್ತಿದರೆ ಅಲ್ಲಿಗೇ ಪುಸ್ತಕ ಒತ್ತಿಟ್ಟು ಕೆಲಸ ಮುಂದುವರಿಸುತ್ತಾರೆ. ಅದರಿಂದ ಏನೂ ತಿಳಿಯುವುದಿಲ್ಲ, ಪೋರ್ಟ್ ಇನ್ನಷ್ಟು ಸಡಿಲವಾಗುತ್ತದೆ. ಹೀಗೆ ಮಾಡಿ. ಪಿನ್ ಹಾಕಿ, ಎಡಗೈಯಲ್ಲಿ ಅದರ ಪ್ಲಾಸ್ಟಿಕ್ ಭಾಗವನ್ನು ಲ್ಯಾಪ್‌ಟಾಪಿಗೆ ಒತ್ತಿ ಸ್ವಲ್ಪವೂ ಅಲ್ಲಾಡದ ಹಾಗೆ ಹಿಡಿಯಿರಿ. ಬಲಗೈಯಲ್ಲಿ ಬರೀ ವೈರನ್ನು, ಪಿನ್ನಿನಿಂದ ಹೊರಬರುವ ಜಾಗದಲ್ಲಿ, ಮೆಲ್ಲಗೆ ಬಾಗಿಸಿ. ಚಾರ್ಜಿಂಗ್ ಗುರುತು ಬಂದು ಹೋಗುತ್ತಿದ್ದರೆ ವೈರ್ ಒಳಗೆ ತುಂಡಾಗಿದೆ. ಚಾರ್ಜರ್ ಬದಲಿಸಿ, ಲ್ಯಾಪ್‌ಟಾಪಿಗೆ ಏನೂ ಆಗಿಲ್ಲ. ಡಬ್ಬಿಯ ಹತ್ತಿರದ ಬಾಗಿನಲ್ಲೂ ಇದನ್ನೇ ಮಾಡಿ. ವೈರ್ ಸರಿ ಇದ್ದರೆ, ಈಗ ವೈರನ್ನು ಸಡಿಲ ಬಿಟ್ಟು ಪಿನ್ನನ್ನು ಮಾತ್ರ ಕೂದಲೆಳೆಯಷ್ಟು ಮೇಲೆ ಕೆಳಗೆ ಸರಿಸಿ. ಈಗ ಗುರುತು ಬಂದು ಹೋದರೆ ಪೋರ್ಟ್. ಪಿನ್ನಿನ ಲೋಹವನ್ನು ಮುಟ್ಟಿದಾಗ ಸುಡುವಷ್ಟು ಬಿಸಿ ಇದ್ದರೆ, ಕಂದು ಕಲೆ ಇದ್ದರೆ, ಸುಟ್ಟ ವಾಸನೆ ಬಂದರೆ ಪರೀಕ್ಷೆ ಅಲ್ಲಿಗೇ ನಿಲ್ಲಿಸಿ.

ಪೋರ್ಟ್ ನೋಡುವ ಮೊದಲು ಲ್ಯಾಪ್‌ಟಾಪ್ ಶಟ್‌ಡೌನ್ ಮಾಡಿ, ಚಾರ್ಜರನ್ನು ಗೋಡೆಯಿಂದಲೂ ತೆಗೆಯಿರಿ. ಸ್ಲೀಪ್‌ನಲ್ಲಿಟ್ಟರೆ ಸಾಲದು. ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದು, ಇನ್ನೊಂದು ಮೊಬೈಲಿನ ಕ್ಯಾಮೆರಾ ಹಿಗ್ಗಿಸಿ ಫೋಟೊ ತೆಗೆದು ನೋಡಿ. ಕಣ್ಣಿಗೆ ಕಾಣದ್ದು ಫೋಟೊದಲ್ಲಿ ಕಾಣುತ್ತದೆ.

ಹಲವು ಚಾರ್ಜರುಗಳ ದುಂಡು ಪಿನ್ನಿನ ನಡುವೆ ಒಂದು ತೆಳು ಸೂಜಿ ಇರುತ್ತದೆ, ಅದು ಪೋರ್ಟಿನ ನಡುವಿನ ತೂತಿನಲ್ಲಿ ಕೂರುತ್ತದೆ. ಡೆಲ್, ಎಚ್‌ಪಿಯ ಹಲವು ಮಾದರಿಗಳಲ್ಲಿ ಕರೆಂಟು ಅದರಲ್ಲಿ ಹರಿಯುವುದಿಲ್ಲ. ಚಾರ್ಜರ್ ಎಷ್ಟು ವಾಟಿನದು ಎಂದು ಲ್ಯಾಪ್‌ಟಾಪ್ ತಿಳಿಯುವುದು ಆ ಸೂಜಿಯಿಂದ. ಅದು ಬಾಗಿದರೆ, ಮುರಿದರೆ, ಅದೋ ಅದು ಕೂರುವ ತೂತೋ ಪಾಚಿ ಹಿಡಿದ ಹಾಗೆ ಹಸಿರಾದರೆ ಲ್ಯಾಪ್‌ಟಾಪ್ ಚಾರ್ಜರನ್ನು ಗುರುತಿಸುವುದಿಲ್ಲ. ಆಗ ಯಂತ್ರ ಓಡುತ್ತದೆ, ಬ್ಯಾಟರಿ ಮಾತ್ರ ತುಂಬುವುದಿಲ್ಲ. ಹೋಟೆಲಿನಲ್ಲಿ ಆಗಿದ್ದು ಇದೇ. ಆ ಸೂಜಿ ಬಾಗಿದ್ದು ಕಂಡರೆ ಚಿಮುಟದಿಂದ ನೇರ ಮಾಡಲು ಹೋಗಬೇಡಿ, ಬುಡದಲ್ಲೇ ಮುರಿಯುತ್ತದೆ. ಬೆಳಗ್ಗೆ 8ರ ಲೋಕಲ್ಲಿನಲ್ಲಿ ಚಾರ್ಜರ್ ಚುಚ್ಚಿದ ಹಾಗೇ ಲ್ಯಾಪ್‌ಟಾಪನ್ನು ಬ್ಯಾಗಿಗೆ ತುರುಕಿ ಹತ್ತುವವರಿಗೆ ಈ ಬಾಗು ಗ್ಯಾರಂಟಿ.

ಸಿ-ಟೈಪ್ ಪೋರ್ಟಿನಲ್ಲಿ ಕಥೆ ಬೇರೆ. ಅಲ್ಲಿ ಬ್ಯಾಗಿನ ನೂಲು, ಧೂಳು ಸೇರಿ ಹಿಂದಿನ ಗೋಡೆಗೆ ಒತ್ತಿ ಒತ್ತಿ ರೊಟ್ಟಿಯ ಹಾಗೆ ಗಟ್ಟಿಯಾಗಿರುತ್ತದೆ. ಪಿನ್ ಪೂರ್ತಿ ಒಳಗೆ ಹೋಗದೆ ಉಗುರಿನ ದಪ್ಪದಷ್ಟು ಸಂದು ಉಳಿಯುತ್ತದೆ. ಹೊಸದಾಗಿದ್ದಾಗ ಕೇಳುತ್ತಿದ್ದ 'ಟಕ್' ಸದ್ದು ಈಗ ಬರುತ್ತಿಲ್ಲ ಅಂದರೆ ಅದೇ ಗುರುತು.

ತೆಗೆಯಲು ಮರದ ಟೂತ್‌ಪಿಕ್ ಬೇಕು, ತುದಿಯನ್ನು ಬ್ಲೇಡಿನಿಂದ ಚಪ್ಪಟೆ ಮಾಡಿಕೊಳ್ಳಿ. ಸೇಫ್ಟಿ ಪಿನ್, ಸೂಜಿ, ಸಿಮ್ ತೆಗೆಯುವ ಕಡ್ಡಿ ಯಾವುದೂ ಬೇಡ. ಸಿ-ಟೈಪಿನ ನಡುವೆ ನಾಲಿಗೆಯಂಥ ತೆಳು ಪಟ್ಟಿ ಇರುತ್ತದೆ, ಅದಕ್ಕೆ ತಾಗದ ಹಾಗೆ ಅಂಚಿನ ಗೋಡೆಗುಂಟ ಟೂತ್‌ಪಿಕ್ ಇಳಿಸಿ, ಕೆರೆದು ಹೊರಗೆ ಎಳೆಯಿರಿ. ಒಳಗೆ ನೂಕಬೇಡಿ. ಬಾಯಿಂದ ಊದಬೇಡಿ, ಉಗುಳಿನ ತೇವ ಹೋಗುತ್ತದೆ.

ಹಸಿರು ಅಥವಾ ಬಿಳಿ ಪುಡಿ ಇದ್ದರೆ ಐಸೊಪ್ರೊಪೈಲ್ ಆಲ್ಕೋಹಾಲ್ ಬೇಕು, ಶೇಕಡಾ 99ರದ್ದು. ಎಲೆಕ್ಟ್ರಾನಿಕ್ ಸಾಮಾನಿನ ಅಂಗಡಿಯಲ್ಲಿ ಐಪಿಎ ಅಂದರೆ ಕೊಡುತ್ತಾರೆ. ಹ್ಯಾಂಡ್ ಸ್ಯಾನಿಟೈಸರ್ ಅದಲ್ಲ, ಅದರಲ್ಲಿ ನೀರೂ ಅಂಟೂ ಇರುತ್ತದೆ. ಉಗುರು ಬಣ್ಣ ತೆಗೆಯುವ ದ್ರವ ಪ್ಲಾಸ್ಟಿಕ್ಕನ್ನೇ ಕರಗಿಸುತ್ತದೆ. ಸಣ್ಣ ಮೆತ್ತನೆಯ ಬ್ರಷ್ಷನ್ನು ಅದ್ದಿ, ಝಾಡಿಸಿ, ಒದ್ದೆಯಷ್ಟೇ ಉಳಿಸಿಕೊಂಡು ನಾಲ್ಕೈದು ಸಲ ತಿರುಗಿಸಿ. ಲ್ಯಾಪ್‌ಟಾಪಿನ ಆ ಬದಿ ಕೆಳಗೆ ಬಾಗಿರಲಿ, ದ್ರವ ಒಳಕ್ಕೆ ಇಳಿಯಬಾರದು. ಚಾರ್ಜರಿನ ಪಿನ್ನಿಗೂ ಇದನ್ನೇ ಮಾಡಿ. ಆಮೇಲೆ ಅರ್ಧ ಗಂಟೆ ಬಿಡಿ. ಮಳೆಗಾಲದಲ್ಲಿ ನಾನು ಒಂದು ಗಂಟೆ ಬಿಡುತ್ತೇನೆ.

ಮಲ್ಟಿಮೀಟರ್ ಇರುವವರು ಚಾರ್ಜರಿನ ವೋಲ್ಟೇಜ್ ನೋಡಬಹುದು. ನಡುವೆ ಸೂಜಿ ಇರುವ ಪಿನ್ನಿನಲ್ಲಿ ಮಾತ್ರ ಎಚ್ಚರ, ಮೀಟರಿನ ಕಡ್ಡಿ ಜಾರಿ ಸೂಜಿಗೂ ಪಕ್ಕದ ಲೋಹಕ್ಕೂ ಒಟ್ಟಿಗೆ ತಾಗಿದರೆ ಚಾರ್ಜರ್ ಗುರುತಿಸುವ ಚಿಪ್ ಸುಟ್ಟುಹೋಗಬಹುದು. ಕೈ ನಡುಗುವವರು ಬಿಟ್ಟುಬಿಡಿ. ಸಿ-ಟೈಪ್ ಚಾರ್ಜರಿನಲ್ಲಿ ಮೀಟರ್ ಸೊನ್ನೆ ತೋರಿಸಿದರೆ ಅದು ಹಾಳಾಗಿದೆ ಅಂತ ಅಲ್ಲ, ಎದುರಿನ ಸಾಧನ ಕೇಳುವ ತನಕ ಅದು ಕರೆಂಟು ಬಿಡುವುದೇ ಇಲ್ಲ.

ಹೆಜ್ಜೆ 5: ಪವರ್ ಬಟನ್

ಶಟ್‌ಡೌನ್ ಮಾಡಿ, ಚಾರ್ಜರ್ ತೆಗೆದು, ಪವರ್ ಬಟನ್ನನ್ನು 30 ಸೆಕೆಂಡ್ ಒತ್ತಿ ಹಿಡಿಯಿರಿ. ಬ್ಯಾಟರಿ ಹೊರಗಿಂದ ಬಿಚ್ಚುವಂಥದ್ದಾದರೆ ಅದನ್ನೂ ತೆಗೆದಿರಿ. ಆಮೇಲೆ ಚಾರ್ಜರ್ ಹಾಕಿ ಆನ್ ಮಾಡಿ. ವಿಂಡೋಸ್‌ನಲ್ಲಿ ಡಿವೈಸ್ ಮ್ಯಾನೇಜರಿಗೆ ಹೋಗಿ ಬ್ಯಾಟರಿ ಡ್ರೈವರ್ ತೆಗೆದು ಮತ್ತೆ ಆನ್ ಮಾಡುವುದೂ ಇದೇ ಜಾತಿಯ ಉಪಾಯ. ಒಮ್ಮೆ ಮಾಡಿ. ಹತ್ತು ಸಲ ಮಾಡಿದರೆ ಹೆಚ್ಚಿನದೇನೂ ಸಿಗದು.

ಹೆಜ್ಜೆ 6: ಈಗ ಬ್ಯಾಟರಿ

ಇಷ್ಟಾದ ಮೇಲೆ ಬ್ಯಾಟರಿಯ ಸರದಿ. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಪವರ್ ಎಂಬ ಪದಕ್ಕೆ ಅಂಟಿಸಿ ಸಿ, ಎಫ್, ಜಿ ಅಕ್ಷರ ಹೊಡೆಯಿರಿ. ಒಂದು ಸ್ಪೇಸ್ ಬಿಟ್ಟು ಓರೆಗೆರೆ (/) ಹಾಕಿ, ಬ್ಯಾಟರಿ ರಿಪೋರ್ಟ್ ಎರಡನ್ನೂ ಸೇರಿಸಿ ಒಂದೇ ಪದವಾಗಿ ಬರೆದು ಎಂಟರ್ ಒತ್ತಿ. ಎಲ್ಲವೂ ಇಂಗ್ಲಿಷ್ ಸಣ್ಣಕ್ಷರದಲ್ಲಿ. ಒಂದು ವರದಿ ತಯಾರಾಗುತ್ತದೆ. ಅದರಲ್ಲಿ ಡಿಸೈನ್ ಕೆಪಾಸಿಟಿ, ಫುಲ್ ಚಾರ್ಜ್ ಕೆಪಾಸಿಟಿ ಎರಡು ಅಂಕಿ ನೋಡಿ. ಮೊದಲನೆಯದು 41,000 ಇದ್ದು ಎರಡನೆಯದು 18,000 ಇದ್ದರೆ ಬ್ಯಾಟರಿ ಅರ್ಧಕ್ಕಿಂತ ಜಾಸ್ತಿ ಸವೆದಿದೆ, ಬದಲಿಸಿ. 35,000 ಇದ್ದರೆ ಬ್ಯಾಟರಿ ಇನ್ನೂ ಗಟ್ಟಿಯಾಗಿದೆ, ಸುಮ್ನೆ ದುಡ್ಡು ಹಾಕಬೇಡಿ.

ಟಚ್‌ಪ್ಯಾಡ್ ಉಬ್ಬಿದ್ದರೆ, ಮುಚ್ಚಳ ಮುಚ್ಚಿದಾಗ ಒಂದು ಮೂಲೆ ಎದ್ದು ನಿಂತರೆ, ಬ್ಯಾಟರಿ ಊದಿದೆ. ಆಗ ಮೇಲಿನ ಯಾವ ಹೆಜ್ಜೆಯೂ ಬೇಡ. ಆಫ್ ಮಾಡಿ, ಚಾರ್ಜ್ ಹಾಕಬೇಡಿ, ಒತ್ತಬೇಡಿ, ಚುಚ್ಚಬೇಡಿ. ಗರ್ದಿಯ ಲೋಕಲ್ಲಿನಲ್ಲಿ ಬ್ಯಾಗಿನೊಳಗೆ ಒತ್ತಿಸಿಕೊಂಡು ಒಯ್ಯುವ ವಸ್ತುವಲ್ಲ ಅದು, ಬೆಂಕಿ ಹತ್ತುವ ಭಯ ನಿಜವಾದದ್ದು. ರಿಕ್ಷಾ ಮಾಡಿಕೊಂಡು ಹತ್ತಿರದ ಸರ್ವಿಸ್ ಸೆಂಟರಿಗೆ ಕೊಡಿ.

ಹೊಸ ಚಾರ್ಜರ್ ಕೊಳ್ಳುವುದಾದರೆ ಕಂಪನಿಯದ್ದೇ ಕೊಳ್ಳಿ ಎನ್ನುವುದು ನನ್ನ ಖಂಡಿತ ಮಾತು. ದುಬಾರಿ, ಗೊತ್ತು. ಲ್ಯಾಮಿಂಗ್ಟನ್ ರೋಡಿನ ಒಂದು ಅಂಗಡಿಯಲ್ಲಿ ನಾನು ತಂದ ಡೂಪ್ಲಿಕೇಟ್ ಚಾರ್ಜರ್ ಎರಡೇ ತಿಂಗಳಲ್ಲಿ ಕರಗಿದ ವಾಸನೆ ಬಿಟ್ಟಿತು. ಡಬ್ಬಿ ಕೈಗೆ ಹಗುರ ಅನ್ನಿಸಿದಾಗಲೇ ಅದನ್ನು ಬಿಟ್ಟು ಬರಬೇಕಿತ್ತು. ಡಬ್ಬಿಯ ಮೇಲೆ ಬಿಐಎಸ್ ಎನ್ನುವ ಸರ್ಕಾರಿ ಗುಣಮಟ್ಟ ಸಂಸ್ಥೆಯ ಗುರುತು, ಆರ್ ಅಕ್ಷರದ ಮುಂದೆ ಎಂಟು ಅಂಕಿ ಇರಬೇಕು. ಬಿಐಎಸ್ ಕೇರ್ ಎನ್ನುವ ಸರ್ಕಾರಿ ಆ್ಯಪಿನಲ್ಲಿ ಆ ನಂಬರ್ ಹಾಕಿದರೆ ಅಸಲಿಯೋ ಅಲ್ಲವೋ ಅಂಗಡಿಯಲ್ಲಿ ನಿಂತೇ ತಿಳಿಯುತ್ತದೆ.

ಪೋರ್ಟೇ ಹೋಗಿದ್ದರೆ ರಿಪೇರಿಯವರ ಹತ್ತಿರ ಮೊದಲು ಒಂದೇ ಪ್ರಶ್ನೆ ಕೇಳಿ: ಈ ಮಾದರಿಯಲ್ಲಿ ಡಿಸಿ ಜ್ಯಾಕ್ (ಅಂದರೆ ಪಿನ್ ಚುಚ್ಚುವ ಪೋರ್ಟ್) ವೈರಿನ ತುದಿಯಲ್ಲಿದೆಯೋ, ಬೋರ್ಡಿಗೆ ಬೆಸೆದಿದೆಯೋ? ವೈರಿನದಾದರೆ ಬಿಚ್ಚಿ ಹೊಸದು ಚುಚ್ಚುವ ಕೆಲಸ, ಕಡಿಮೆಯಲ್ಲಿ ಮುಗಿಯುತ್ತದೆ. ಬೆಸೆದದ್ದಾದರೆ ಕೆಲಸ ದೊಡ್ಡದು, ಕೈ ಪಳಗಿದವರೇ ಬೇಕು. ಅದನ್ನು ಕೇಳದೆ ರೇಟು ಮಾತಾಡಬೇಡಿ. ತೆಗೆದ ಹಳೇ ಜ್ಯಾಕ್ ಕೇಳಿ ಇಸ್ಕೊಳ್ಳಿ. ಮತ್ತೆ ದುಡ್ಡು ಕೊಡುವ ಮೊದಲು ಅಲ್ಲೇ ಹತ್ತು ನಿಮಿಷ ಚಾರ್ಜ್ ಹಾಕಿ ನಿಂತಿರಿ, ಎಡಗೈಯಲ್ಲಿ ಪಿನ್ ಹಿಡಿದು ಬಲಗೈಯಲ್ಲಿ ವೈರ್ ಬಾಗಿಸಿ, ಶೇಕಡಾ ಅಂಕಿ ಎರಡಾದರೂ ಮೇಲೇರಿದ್ದು ಕಣ್ಣಾರೆ ನೋಡಿ.