ಹಳೇ ಪ್ರಿನ್ಸ್ ಮತ್ತೆ ಸರಿಯಾಗಿ ಓಡಿದ್ದು

ಮಳೆಗಾಲಕ್ಕೆ ಮುಂಚೆ ಶಿರಸಿಯ ಮನೆಯ ಅಟ್ಟ ಗುಡಿಸುವಾಗ ಒಂದು ಬಿಸ್ಕತ್ತಿನ ಡಬ್ಬಿ ಸಿಕ್ಕಿತು. ಒಳಗೆ ಹಳೇ ಕಂಪ್ಯೂಟರಿನ ಹತ್ತು ಫ್ಲಾಪಿ ಡಿಸ್ಕ್‌ಗಳು. ಒಂದರ ಮೇಲೆ ನನ್ನದೇ ಕೈಬರಹದಲ್ಲಿ ‘ಪ್ರಿನ್ಸ್, ಹಾವು’ ಎಂದಿತ್ತು. ಪ್ರಿನ್ಸ್ ಅಂದರೆ ಪ್ರಿನ್ಸ್ ಆಫ್ ಪರ್ಷಿಯಾ ಗೇಮ್, ಅದು ಬೇರೆ ಕಡೆಯೂ ಸಿಗುತ್ತದೆ. ಹಾವಿನ ಆಟ ಹಾಗಲ್ಲ. ಅದು ಕ್ಯೂಬೇಸಿಕ್ ಎಂಬ ಹಳೇ ಪ್ರೋಗ್ರಾಮಿಂಗ್ ತಂತ್ರಾಂಶದ ಜೊತೆ ಬರುತ್ತಿದ್ದ ನಿಬಲ್ಸ್. ಹೈಸ್ಕೂಲಿನಲ್ಲಿದ್ದಾಗ ಅದರ ಗೋಡೆಗಳನ್ನೆಲ್ಲ ನಾನು ಬದಲಾಯಿಸಿದ್ದೆ. ಅದನ್ನು ಬಿಡಲು ಮನಸ್ಸಾಗಲಿಲ್ಲ.

ಮಲೆನಾಡಿನ ತೇವಕ್ಕೆ ಫ್ಲಾಪಿಗೂ ಬೂಸ್ಟು ಹಿಡಿಯುತ್ತದೆ. ತಗಡಿನ ಮುಚ್ಚಳ ಸರಿಸಿ ಬೆಳಕಿಗೆ ಹಿಡಿದರೆ ಕಂದು ತಟ್ಟೆಯ ಮೇಲೆ ಬಿಳಿ ಚುಕ್ಕೆಗಳು ಕಾಣುತ್ತವೆ. ಹಾಗೇ ಡ್ರೈವಿಗೆ ತುರುಕಬೇಡಿ. ಬೂಸ್ಟು ಡ್ರೈವಿನ ಹೆಡ್ಡಿಗೆ ಮೆತ್ತಿಕೊಂಡು ಮುಂದಿನ ಫ್ಲಾಪಿಯನ್ನೂ ಹಾಳು ಮಾಡುತ್ತದೆ. ಹತ್ತಿಯ ಕಡ್ಡಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ, ಹಿಂಬದಿಯ ಗುಂಡನೆಯ ತಗಡನ್ನು ಬೆರಳಲ್ಲಿ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ ಎರಡೂ ಬದಿ ಒರೆಸಿದೆ. ಪೂರ್ತಿ ಒಣಗಿದ ಮೇಲೆ ಯುಎಸ್‌ಬಿ ಫ್ಲಾಪಿ ಡ್ರೈವಿಗೆ ಹಾಕಿದೆ. ಕರ್ ಕರ್ ಅಂತ ಸದ್ದು ಬಂತು. ಹತ್ತರಲ್ಲಿ ಆರು ಓದಿದವು, ‘ಪ್ರಿನ್ಸ್, ಹಾವು’ ಕೂಡ. ಒಂದು ಫ್ಲಾಪಿಗೆ 1.44 ಎಂಬಿ, ಅಷ್ಟೇ. ಫೋನಿನ ಒಂದು ಫೋಟೋ ಕೂಡ ಈಗ ಅದರಲ್ಲಿ ಹಿಡಿಸುವುದು ಕಷ್ಟ.

ಹಳೇ ಡಾಸ್ ಗೇಮ್‌ಗಳನ್ನು ಈಗಿನ ಕಂಪ್ಯೂಟರಿನಲ್ಲಿ ಓಡಿಸುವ ಡಾಸ್‌ಬಾಕ್ಸ್‌ನಲ್ಲಿ ಪ್ರಿನ್ಸ್ ಶುರುವಾಯಿತು. ಆದರೆ ಏನೋ ಸರಿ ಇರಲಿಲ್ಲ. ರಾಜಕುಮಾರ ಕುಳ್ಳಗೆ, ದಪ್ಪಗೆ ಕಾಣುತ್ತಿದ್ದ. ಆಗಿನ ಗೇಮ್‌ಗಳ ಚಿತ್ರ 320 ಚುಕ್ಕೆ ಅಗಲ, 200 ಚುಕ್ಕೆ ಎತ್ತರ. ಹಳೇ ಮಾನಿಟರ್ ಅದನ್ನು 4:3 ಆಕಾರಕ್ಕೆ ಹಿಗ್ಗಿಸುತ್ತಿತ್ತು, ಅಂದರೆ ಪ್ರತಿ ಚುಕ್ಕೆಯೂ ಸ್ವಲ್ಪ ಉದ್ದ. ಈಗಿನ ಪರದೆಯ ಚುಕ್ಕೆ ಚೌಕ. ಡಾಸ್‌ಬಾಕ್ಸ್‌ನ ಸೆಟ್ಟಿಂಗ್ಸ್ ಫೈಲಿನಲ್ಲಿ ‘ಆಸ್ಪೆಕ್ಟ್’ ಅನ್ನುವುದನ್ನು ‘ಟ್ರೂ’ ಮಾಡಿದೆ. ಸಣಕಲು ಹುಡುಗ ವಾಪಸ್ ಬಂದ! ಈ ಒಂದು ಸಾಲು ಬದಲಿಸದೆ ಯಾರೂ ಈ ಗೇಮ್ ಆಡಬಾರದು ಎನ್ನುವುದು ನನ್ನ ಖಚಿತ ಅಭಿಪ್ರಾಯ. ಗೇಮ್ ಮಾಡಿದ ಜೋರ್ಡನ್ ಮೆಕ್ನರ್ ತನ್ನ ತಮ್ಮ ಓಡುವುದನ್ನು, ಹಾರುವುದನ್ನು ವಿಡಿಯೋ ಮಾಡಿ, ಅದನ್ನು ನೋಡಿಕೊಂಡು ಒಂದೊಂದೇ ಚಿತ್ರ ಬರೆದದ್ದು. 1989ರಲ್ಲಿ ಆಪಲ್ 2 ಕಂಪ್ಯೂಟರಿಗೆ ಬಂತು. ಅಷ್ಟು ಕಷ್ಟಪಟ್ಟು ತಂದ ಮೈಕಟ್ಟನ್ನು ಚಪ್ಪಟೆ ಮಾಡಿ ನೋಡುವುದು ಸರಿಯಲ್ಲ, ಅಲ್ವಾ?

ಹಾವಿನದ್ದು ವೇಗದ ಸಮಸ್ಯೆ. ಅದು ಖಾಲಿ ಲೂಪ್ ತಿರುಗಿಸಿ, ಅಂದರೆ ಸುಮ್ಮನೆ ಎಣಿಸುತ್ತಾ, ಹೊತ್ತು ಕಳೆಯುವ ಆಟ. ಕಂಪ್ಯೂಟರ್ ಚುರುಕಾದರೆ ಹಾವೂ ಚುರುಕು. ಡಾಸ್‌ಬಾಕ್ಸ್‌ನ ವೇಗ ಜಾಸ್ತಿ ಇಟ್ಟಿದ್ದೆ. ಕೀಲಿ ಒತ್ತುವ ಮೊದಲೇ ಹಾವು ಗೋಡೆಗೆ ಹೊಡೆದಿತ್ತು. ಕಂಟ್ರೋಲ್ ಜೊತೆ ಎಫ್11 ಒತ್ತುತ್ತಾ ವೇಗ ಇಳಿಸಿ, ಕೈಗೆ ಹಳೇ ಲಯ ಸಿಕ್ಕಲ್ಲಿ ನಿಲ್ಲಿಸಿದೆ. ಹಳೇ ಪಿಸಿಗಳಲ್ಲಿ ವೇಗ ಇಳಿಸಲು ಟರ್ಬೊ ಬಟನ್ ಇರುತ್ತಿದ್ದುದು ಇದೇ ಕಾರಣಕ್ಕೆ.

ಆಮೇಲೆ ಮಗಳಿಗೆ ತೋರಿಸೋಣ ಎಂದು ಲ್ಯಾಪ್‌ಟಾಪನ್ನು ಟಿವಿಗೆ ಹಚ್ಚಿದೆ. ಎಲ್ಲ ಕೆಟ್ಟಿತು. ಅಂಚಿನಲ್ಲಿ ಸರಿಯಾಗಿ ಹಾರಿಸಿದರೂ ರಾಜಕುಮಾರ ಗುಂಡಿಗೆ ಬೀಳುತ್ತಿದ್ದ. ಐದಾರು ಸಲ ಬಿದ್ದ ಮೇಲೆ ನನ್ನ ಬೆರಳಿಗೆ ವಯಸ್ಸಾಯಿತೇನೋ ಅನ್ನಿಸಿತು. ತಪ್ಪು ಟಿವಿಯದ್ದು. ಈಗಿನ ಟಿವಿಗಳು ಚಿತ್ರ ನುಣುಪು ಮಾಡುತ್ತಾ ಕೂತು ಸ್ವಲ್ಪ ತಡವಾಗಿ ತೋರಿಸುತ್ತವೆ. ಸಿನಿಮಾ ನೋಡುವವರಿಗೆ ಗೊತ್ತೇ ಆಗುವುದಿಲ್ಲ. ಮೆನುವಿನಲ್ಲಿ ‘ಗೇಮ್ ಮೋಡ್’ ಹಾಕಿದ ಕೂಡಲೇ ಸರಿಹೋಯಿತು. ಗೇಮ್ ಆಡುವ ಮನೆಯಲ್ಲಿ ಹೊಸ ಟಿವಿ ಬಂದ ದಿನವೇ ಅದನ್ನು ಹಾಕಬೇಕು.

ಫೋನಿನ ಗಾಜಿನ ಮೇಲೆ ಮಾತ್ರ ಈ ಆಟ ಬೇಡ. ಶಿಫ್ಟ್ ಒತ್ತಿ ಹಿಡಿದು ಒಂದೊಂದೇ ಹೆಜ್ಜೆ ಇಡಬೇಕು, ಬೀಳುವಾಗ ಅದೇ ಕೀಲಿಯಿಂದ ಅಂಚು ಹಿಡಿಯಬೇಕು. ಬೆರಳಿನ ಕೆಳಗೆ ಕೀಲಿ ಇಳಿದದ್ದು ಗೊತ್ತಾಗಬೇಕು.

ಮಗಳು ಈಗ ಮೂರನೇ ಹಂತದಲ್ಲಿದ್ದಾಳೆ. ಅಲ್ಲಿ ಕತ್ತಿ ಹಿಡಿದು ಬರುವ ಅಸ್ಥಿಪಂಜರ ಎಷ್ಟು ಹೊಡೆದರೂ ಸಾಯುವುದಿಲ್ಲ. ನಿನ್ನೆ ರಾತ್ರಿ, ‘ಅಪ್ಪಾ, ಇದನ್ನ ಸಾಯಿಸೋಕೆ ಆಗಲ್ಲ, ಹಿಂದೆ ತಳ್ಕೊಂಡು ಹೋಗಿ ಬೀಳಿಸ್ಬೇಕು!’ ಎಂದು ಒಳಗಿನಿಂದ ಕೂಗಿದಳು. ನಾನು ಹೇಳಿಕೊಟ್ಟಿರಲಿಲ್ಲ.