ರೇಡಾರಿನ ಒಂದೂವರೆ ಕಿಲೋಮೀಟರ್ ಪಲ್ಸನ್ನು 30 ಮೀಟರಿಗೆ ಕುಗ್ಗಿಸುವುದು ಹೇಗೆ?

ಹುಬ್ಬಳ್ಳಿ ನಿಲ್ದಾಣದ ಉದ್ದನೆಯ ಪ್ಲಾಟ್‌ಫಾರ್ಮ್ 1,507 ಮೀಟರ್. ಬ್ಯಾಗು ಹೊತ್ತು ಈ ತುದಿಯಿಂದ ಆ ತುದಿಗೆ ನಡೆದವರಿಗೆ ಅದು ಎಷ್ಟು ಅಂತ ಬೇರೆ ಹೇಳಬೇಕಿಲ್ಲ. ಆದರೆ 10 ಮೈಕ್ರೊಸೆಕೆಂಡಿನ ಸಾದಾ ಪಲ್ಸ್ (ರೇಡಿಯೊ ಅಲೆಯ ಒಂದು ತುಣುಕು) ಬಿಡುವ ರೇಡಾರಿಗೆ ಅಷ್ಟು ಅಂತರ ಹೆಚ್ಚುಕಡಿಮೆ ಒಂದೇ ಚುಕ್ಕೆ. ರೇಡಿಯೊ ಅಲೆ ಮೈಕ್ರೊಸೆಕೆಂಡಿಗೆ 300 ಮೀಟರ್ ಓಡುತ್ತದೆ. ಹೋಗಿ ಬರಬೇಕಲ್ಲ, ಅದಕ್ಕೇ ಅರ್ಧ ಹಿಡಿಯಿರಿ: 150. ಹತ್ತಕ್ಕೆ 1,500. ಅದಕ್ಕಿಂತ ಹತ್ತಿರ, ಒಂದರ ಹಿಂದೊಂದು ಇರುವ ಎರಡು ವಿಮಾನಗಳ ಪ್ರತಿಧ್ವನಿ ಕಲಸಿಹೋಗುತ್ತದೆ.

ಪಲ್ಸನ್ನೇ ಚಿಕ್ಕದು ಮಾಡಿದರಾಯ್ತು, ಅಲ್ವಾ? ಆಗ ಶಕ್ತಿ ಸಾಲುವುದಿಲ್ಲ. ಟ್ರಾನ್ಸ್‌ಮಿಟರ್ ಕೂಗುವ ಜೋರಿಗೆ ಒಂದು ಮಿತಿ ಇದೆ. ಅದಕ್ಕೇ ಉದ್ದ ಕೂಗುವುದು, ವಾಪಸ್ ಬಂದದ್ದನ್ನು ಲೆಕ್ಕದಲ್ಲಿ ಕುಗ್ಗಿಸುವುದು. ಪಲ್ಸ್ ಕಂಪ್ರೆಶನ್ ಅಂದರೆ ಇಷ್ಟೇ.

ಮೊದಲು ಕಾಗದದಲ್ಲಿ ಮಾಡಿ. ನೋಟ್‌ಬುಕ್ಕಿನಿಂದ ಎರಡು ಪಟ್ಟಿ ಹರಿದುಕೊಳ್ಳಿ. ಎರಡರಲ್ಲೂ ಐದೈದು ಮನೆ ಹಾಕಿ + + + − + ಬರೆಯಿರಿ. ಒಂದನ್ನು ಇನ್ನೊಂದರ ಕೆಳಗೆ ಒಂದೊಂದೇ ಮನೆ ಸರಿಸುತ್ತಾ ಹೋಗಿ. ಎದುರುಬದುರು ಒಂದೇ ಚಿಹ್ನೆ ಇದ್ದರೆ 1, ಬೇರೆ ಇದ್ದರೆ −1. ಕೂಡಿ. ಬರುವುದು: 1, 0, 1, 0, 5, 0, 1, 0, 1. ಐದು ಮನೆಯ ಪಟ್ಟಿ ಒಂದೇ ಮನೆಯಲ್ಲಿ ಎದ್ದು ನಿಂತಿತು, ನೋಡಿ! ಇದು ಬಾರ್ಕರ್ ಕೋಡ್, ಉದ್ದ ಪಲ್ಸನ್ನು ಹೀಗೆ + − ತುಂಡುಗಳಾಗಿ ಗುರುತು ಮಾಡುವ ಕ್ರಮ. ಗೊತ್ತಿರುವುದರಲ್ಲಿ ಅತಿ ಉದ್ದದ್ದು 13 ಮನೆಯದು. ಕಾಲೇಜಿನಲ್ಲಿ ಸೂತ್ರ ಬಾಯಿಪಾಠ ಮಾಡಿದ್ದ ನನಗೆ ಅದು ತಲೆಗೆ ಹೋದದ್ದು ಈ ಪಟ್ಟಿ ಸರಿಸಿದ ದಿನವೇ.

ರೇಡಾರುಗಳಲ್ಲಿ ಜಾಸ್ತಿ ಬಳಕೆಯಲ್ಲಿರುವುದು ಚಿರ್ಪ್. ಧಾರವಾಡದ ಬೈಠಕ್ಕಿನಲ್ಲಿ ಕೂತವರಿಗೆ ಮೀಂಡ್ ಗೊತ್ತು, ಸ್ವರ ಕಡಿಯದೆ ಒಂದರಿಂದ ಇನ್ನೊಂದಕ್ಕೆ ಜಾರುವುದು. ಚಿರ್ಪ್ ಹಾಗೆಯೇ, ಪಲ್ಸಿನ ಉದ್ದಕ್ಕೂ ಅಲೆಯ ಆವರ್ತನ ಜಾರುತ್ತಾ ಹೋಗುತ್ತದೆ. ಒಂದೇ ಷಡ್ಜ ಹಿಡಿದು ನಿಂತರೆ ಅದರ ಯಾವ ಭಾಗ ಕೇಳುತ್ತಿದ್ದೀರಿ ಅಂತ ತಿಳಿಯದು. ಜಾರುವ ಸ್ವರದಲ್ಲಿ ಪ್ರತಿ ಕ್ಷಣಕ್ಕೂ ಅದರದೇ ಗುರುತು. ಮ್ಯಾಚ್ಡ್ ಫಿಲ್ಟರ್, ಅಂದರೆ ವಾಪಸ್ ಬಂದದ್ದನ್ನು ಕಳಿಸಿದ ಪಲ್ಸಿಗೆ ಹೋಲಿಸುವ ಲೆಕ್ಕ, ಮೊದಲು ಬಂದದ್ದನ್ನು ತಡೆದು ನಿಲ್ಲಿಸಿ, ಕೊನೆಯದರ ಜೊತೆ ಒಟ್ಟಿಗೆ ಬಿಡುತ್ತದೆ.

ಈಗ ಲ್ಯಾಪ್‌ಟಾಪ್ ತೆಗೆಯಿರಿ. ಪೈಥಾನ್, ಅದರ ಗಣಿತದ ಲೈಬ್ರರಿ ನಂಪೈ ಸಾಕು.

ಸ್ಯಾಂಪಲ್ ದರ 20 ಮೆಗಾಹರ್ಟ್ಸ್ ಇರಲಿ, ಅಂದರೆ ಮೈಕ್ರೊಸೆಕೆಂಡಿಗೆ 20 ಅಳತೆ. ಒಂದು ಸ್ಯಾಂಪಲ್ ಅಂದರೆ 7.5 ಮೀಟರ್. −2.5ರಿಂದ +2.5 ಮೆಗಾಹರ್ಟ್ಸ್‌ವರೆಗೆ ಏರುವ ಕಾಂಪ್ಲೆಕ್ಸ್ ಸಂಖ್ಯೆಗಳ ಚಿರ್ಪ್ ಮಾಡಿ, 200 ಸ್ಯಾಂಪಲ್, ಅಂದರೆ ಅದೇ 10 ಮೈಕ್ರೊಸೆಕೆಂಡ್. 2,000 ಸೊನ್ನೆಗಳ ಸಾಲಿನಲ್ಲಿ ಅದನ್ನು 500ನೇ ಜಾಗದಿಂದ ಒಮ್ಮೆ, 512ರಿಂದ ಇನ್ನೊಮ್ಮೆ ಕೂಡಿಸಿ. ಅಂದರೆ 90 ಮೀಟರ್ ಅಂತರದ ಎರಡು ಗುರಿ. ಮೇಲಿಂದ ರಾಂಡಮ್ ಗದ್ದಲ ಸುರಿಯಿರಿ. ಪ್ಲಾಟ್ ಮಾಡಿದರೆ ಸುಮ್ನೆ ಹುಲ್ಲುಗಾವಲು.

ನಂತರ ಈ ಸಾಲು, ಚಿರ್ಪ್ ಎರಡಕ್ಕೂ 4,096 ಉದ್ದದ, ಸಂಕೇತವನ್ನು ಆವರ್ತನಗಳಾಗಿ ಬಿಡಿಸುವ ಎಫ್‌ಎಫ್‌ಟಿ. ಪ್ರತಿಧ್ವನಿಯದನ್ನು ಚಿರ್ಪಿನದರ, ಕಾಲ್ಪನಿಕ ಭಾಗದ ಚಿಹ್ನೆ ತಿರುಗಿಸಿದ, ಕಾಂಜುಗೇಟ್‌ನಿಂದ ಗುಣಿಸಿ, ತಿರುಗಿ ಕಾಲಕ್ಕೆ ತನ್ನಿ. 500, 512ರಲ್ಲಿ ಎರಡು ಶಿಖರ! ಬರದಿದ್ದರೆ ಕಾಂಜುಗೇಟ್ ಮರೆತಿದ್ದೀರಿ. ಹತ್ತರಲ್ಲಿ ಒಂಬತ್ತು ಸಲ ನಾನು ಮಾಡುವ ತಪ್ಪು ಅದೇ.

−2.5ರಿಂದ +2.5, ಅಂದರೆ ಒಟ್ಟು 5 ಮೆಗಾಹರ್ಟ್ಸ್ ಬ್ಯಾಂಡ್‌ವಿಡ್ತಿಗೆ ಸಿಗುವ ಸೂಕ್ಷ್ಮತೆ 150 ಭಾಗಿಸು 5, ಅಂದರೆ 30 ಮೀಟರ್, ರೈಲಿನ ಒಂದು ಬೋಗಿಗಿಂತ ತುಸು ಉದ್ದ.

ಶಿಖರದ ಅಕ್ಕಪಕ್ಕ ಸಣ್ಣ ಗುಡ್ಡಗಳು ಕಾಣುತ್ತವೆ. ಅವು ಸೈಡ್‌ಲೋಬ್. ಮೊದಲನೆಯದು ಶಿಖರಕ್ಕಿಂತ ಸುಮಾರು 13 ಡೆಸಿಬೆಲ್ ಮಾತ್ರ ಕೆಳಗೆ, ಸಣ್ಣ ವಿಮಾನವೊಂದು ಅದರೊಳಗೆ ಅಡಗಬಹುದು. ಹೋಲಿಸಲು ಇಟ್ಟ ರೆಫರೆನ್ಸ್ ಚಿರ್ಪನ್ನು, ಎರಡೂ ತುದಿ ತಗ್ಗಿಸುವ ಹ್ಯಾಮಿಂಗ್ ವಿಂಡೋದಿಂದ ಗುಣಿಸಿದರೆ ಗುಡ್ಡ ತಗ್ಗುತ್ತದೆ, ಶಿಖರ ಅಗಲವಾಗುತ್ತದೆ. ಪುಕ್ಕಟೆ ಏನೂ ಸಿಗುವುದಿಲ್ಲ. ಗದ್ದಲ ತೆಗೆದು ಎರಡನೇ ಗುರಿಯನ್ನು 506ಕ್ಕೆ ತನ್ನಿ. ವಿಂಡೋ ಇಲ್ಲದಿದ್ದರೆ ಎರಡು ಶಿಖರ, ಹಾಕಿದರೆ ಒಂದೇ ದಪ್ಪ ಗುಡ್ಡ. ಬ್ಯಾಂಡ್‌ವಿಡ್ತನ್ನು 10 ಮೆಗಾಹರ್ಟ್ಸ್‌ಗೆ ಏರಿಸಿದರೆ ವಿಂಡೋ ಇದ್ದರೂ ಮತ್ತೆ ಬೇರೆಯಾಗುತ್ತವೆ.